ಜಲಪಾತಕ್ಕೆ ಬೀಗ ಸರಿ, ಟಿಕೆಟ್ ದುಡ್ಡು ಯಾರ ಪೆಟ್ಟಿಗೆಗೆ?

ಪುಣೆ ಚಾರಣಿಗ
ಮಳೆ ಶುರುವಾದರೆ ಪುಣೆ ಹತ್ತಿರದ ಮಾವಳ, ಮುಳ್ಶಿ, ಲೋಣಾವಳ ಕಡೆ ‘ಪ್ರವೇಶ ನಿಷೇಧ’ದ ಆದೇಶವೂ ಜೊತೆಗೇ ಬರುತ್ತೆ. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ಕುಂಡಮಳಾದಲ್ಲಿ ಇಂದ್ರಾಯಣಿ ಮೇಲಿನ ಹಳೇ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಸತ್ತರು. ಆದೇಶ ಯಾಕೆ ಅಂತ ಯಾರೂ ಕೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ. ಮುಚ್ಚಿದಾಗ ಹೊಟ್ಟೆಗೆ ಹೊಡೆತ ಬೀಳೋದು ಗುಡ್ಡದ ಬುಡದ ಹಳ್ಳಿಗೆ. ತೆರೆದಾಗ ದುಡ್ಡು ಹೋಗೋದು ಎಲ್ಲಿಗೆ? ‘ದಿನಕ್ಕೆ ಇಷ್ಟೇ ಜನ’ ಅನ್ನೋ ಸಂಖ್ಯೆಯನ್ನ ಯಾವ ಲೆಕ್ಕದಲ್ಲಿ ಹಾಕ್ತಾರೆ? ವಿಷಯ ಗೊತ್ತಿರೋರು ಬಿಡಿಸಿ ಬರೀರಿ. ‘ಜನಕ್ಕೆ ಬುದ್ಧಿ ಇಲ್ಲ’ ಅನ್ನೋ ಉತ್ತರ ಬೇಡ, ಅದು ಎಲ್ಲರ ಹತ್ತಿರವೂ ಇದೆ.

ವಾಕಡ್ ವಕೀಲ
ಮೊದಲು ಒಂದು ಗೋಜಲು ಬಿಡಿಸೋಣ. ನೀವು ಹೇಳ್ತಿರೋ ಆದೇಶಕ್ಕೂ ಅರಣ್ಯ ನೀತಿಗೂ ಸಂಬಂಧವೇ ಇಲ್ಲ. ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163, ಅಂದರೆ ಹಳೇ 144. ಹೊರಡಿಸೋದು ಜಿಲ್ಲಾಧಿಕಾರಿ, ಜಾರಿ ಮಾಡೋದು ಪೊಲೀಸರು. ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಲ್ಲ. ರಾಜ್ಯ ಸರ್ಕಾರ ಬಯಸಿದರೆ ಇನ್ನು ಆರು ತಿಂಗಳವರೆಗೆ ಎಳೆಯಬಹುದು. ತುರ್ತಿಗೆ ಮಾಡಿದ ಕಾನೂನು ಅದು. ತಲೆ ಎಣಿಸೋಲ್ಲ, ಶುಲ್ಕ ವಸೂಲಿ ಮಾಡೋಲ್ಲ, ದಾರಿ ರಿಪೇರಿ ಮಾಡೋಲ್ಲ. ಅವಧಿ ಮುಗಿದ ಮರುದಿನ ಎಲ್ಲ ಮೊದಲಿನಂತೆ.

ಅರಣ್ಯ ಇಲಾಖೆಯ ಕೈಲಿರೋ ಅಸ್ತ್ರ ನೆಲದ ಜಾತಿ ನೋಡಿ ಬದಲಾಗುತ್ತೆ. ಅಭಯಾರಣ್ಯ ಆದರೆ 1972ರ ವನ್ಯಜೀವಿ ಕಾಯ್ದೆಯ ಕಲಂ 27, 28: ಪರವಾನಗಿ ಇಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ, ಆದರೆ ಪರವಾನಗಿ ಕೊಡಬಹುದಾದ ಕಾರಣಗಳಲ್ಲಿ ಪ್ರವಾಸೋದ್ಯಮವೂ ಸೇರಿದೆ. ಬರೀ ಮೀಸಲು ಅರಣ್ಯ ಆದರೆ 1927ರ ಅರಣ್ಯ ಕಾಯ್ದೆಯ ಕಲಂ 26: ಅತಿಕ್ರಮ ಪ್ರವೇಶ ಅಪರಾಧ, ಅಷ್ಟೇ. ಪ್ರವಾಸಿಗೆ ಪರವಾನಗಿ ಕೊಡೋ ಸಲೀಸು ದಾರಿ ಅದರಲ್ಲಿಲ್ಲ. ಹಾಗಾಗಿ ಇಲಾಖೆ ಹಳ್ಳಿಯ ಅರಣ್ಯ ಸಮಿತಿಯನ್ನ ಮುಂದೆ ಮಾಡಿ ಶುಲ್ಕ ಎತ್ತುತ್ತೆ. ಕೋಟೆಗೆ ಪುರಾತತ್ವದವರು, ಅಣೆಕಟ್ಟಿಗೆ ನೀರಾವರಿಯವರು, ಹಳಿಗೆ ರೈಲ್ವೆಯವರು. ದೂಧ್‌ಸಾಗರಕ್ಕೆ ಹಳಿ ಮೇಲೆ ನಡೆದು ಹೋಗೋರನ್ನ ಹಿಡಿಯೋದು 1989ರ ರೈಲ್ವೆ ಕಾಯ್ದೆಯ ಕಲಂ 147ರಲ್ಲಿ. ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಲಿ ಅರಣ್ಯ ಇಲಾಖೆಯ ಪಾತ್ರವೇ ಇಲ್ಲ. ಎಷ್ಟೋ ಕಡೆ ಒಂದೇ ಚಾರಣದಲ್ಲಿ ಮೂರು ಮಾಲೀಕರ ನೆಲ ದಾಟಬೇಕು. ಯಾರೂ ಇಡೀ ದಾರಿಗೆ ಜವಾಬ್ದಾರರಲ್ಲ.

ಡೊಂಬಿವಲಿ ಲೋಕಲ್
ಇಷ್ಟೆಲ್ಲ ಯಾಕೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಮುಚ್ಚಿ. ಕಾಡಿಗೂ ವಿಶ್ರಾಂತಿ, ಪೊಲೀಸರಿಗೂ ವಿಶ್ರಾಂತಿ.

ಹೂವಿನಕ್ಕ
ಮುಚ್ಚಿದ ತಕ್ಷಣ ಕಾಡು ಚೇತರಿಸಿಕೊಳ್ಳುತ್ತೆ ಅನ್ನೋದು ಎಲ್ಲ ನೆಲಕ್ಕೂ ನಿಜವಲ್ಲ. ಸಾತಾರಾ ಪಕ್ಕದ ಕಾಸ್ ಪ್ರಸ್ಥಭೂಮಿ ನೋಡಿ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಅದೂ ಒಂದು. ಮೇಲೆ ಇರೋದು ಗಟ್ಟಿ ಜಂಬಿಟ್ಟಿಗೆ ಬಂಡೆ, ಅದರ ಗುಳಿಗಳಲ್ಲಿ ಬೆರಳುದ್ದದ ಮಣ್ಣು, ಕೆಲವು ಕಡೆ ಅದೂ ಇಲ್ಲ. ಮಳೆ ನೀರು ಬಂಡೆ ಮೇಲೆ ಪೊರೆಯಂತೆ ನಿಂತಾಗ ಅದರಲ್ಲೇ ಯುಟ್ರಿಕ್ಯುಲೇರಿಯಾ ಅನ್ನೋ ಪುಟ್ಟ ಗಿಡ ಏಳುತ್ತೆ. ನೇರಳೆ-ನೀಲಿ ಹೂವು, ಕಾಳಿನಷ್ಟು ಗಾತ್ರ. ಮಣ್ಣಲ್ಲಿ ಸಾರಜನಕ ಸಾಲದ್ದರಿಂದ ಬುಡದ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮ ಜೀವಿಗಳನ್ನ ಹಿಡಿದು ತಿನ್ನುತ್ತೆ. ಒಂದು ಬೂಟು ಅಲ್ಲಿ ಊರಿದರೆ ಹೂವು ಮುರಿಯೋದು ಸಣ್ಣ ನಷ್ಟ. ಆ ಬೆರಳುದ್ದದ ಮಣ್ಣು ಅದುಮಿಕೊಂಡು ನೀರು ಹಿಡಿಯೋದನ್ನೇ ಬಿಡುತ್ತೆ, ಮುಂದಿನ ವರ್ಷ ಆ ಹೆಜ್ಜೆಯಷ್ಟು ಜಾಗ ಬೋಳು.

ಜನರನ್ನ ತಡೆಯೋಕೆ ಅಂತ ಅಲ್ಲಿ ಜಾಲರಿ ಬೇಲಿ ಹಾಕಿದರು. ಜನ ನಿಂತರು, ಜೊತೆಗೆ ದನವೂ ನಿಂತಿತು. ದನ ಮೇಯದಿದ್ದರೆ ಹುಲ್ಲು ಎತ್ತರ ಬೆಳೆದು ಕುಳ್ಳ ಹೂಗಿಡಗಳಿಗೆ ಬಿಸಿಲು ಸಿಗಲ್ಲ. ಊರಿನವರೂ ಸಸ್ಯತಜ್ಞರೂ ಆಕ್ಷೇಪ ಎತ್ತಿದ ಮೇಲೆ ಬೇಲಿ ಕಿತ್ತರು. ಈಗ ಮುಂಗಡ ಬುಕಿಂಗ್, ದಿನಕ್ಕೆ 3,000 ಜನರ ಮಿತಿ, ಸುತ್ತಲ ಹಳ್ಳಿಗಳ ಸಮಿತಿಯವರೇ ಕಾವಲು.

ತುಳಿತದ ಬಗ್ಗೆ ಇನ್ನೊಂದು ಮಾತು, ಇದು ಹಲವರಿಗೆ ತಲೆಕೆಳಗು ಅನಿಸುತ್ತೆ. ಹೊಸ ನೆಲಕ್ಕೆ ಹೆಚ್ಚು ಹಾನಿ ಆಗೋದು ಮೊದಲ ಕೆಲವು ಓಡಾಟಗಳಲ್ಲೇ. ಆಮೇಲೆ ಸಾವಿರ ಜನ ನಡೆದರೂ ಹೆಚ್ಚುವರಿ ಹಾನಿ ಕಡಿಮೆ. ಹಾಗಾಗಿ ‘ಜನರನ್ನ ನಾಲ್ಕು ದಾರಿಗೆ ಹಂಚೋಣ’ ಅನ್ನೋದು ತಪ್ಪು ಉಪಾಯ. ಒಂದೇ ದಾರಿಯನ್ನ ಗಟ್ಟಿ ಮಾಡಿ, ಎಲ್ಲರನ್ನೂ ಅದರ ಮೇಲೇ ನಡೆಸಬೇಕು.

ಬೋರಿವಲಿ ಭಟ್ರು
ಹೂವಿನಕ್ಕ ಹೇಳಿದ್ದು ಸರಿ. ಸಂಖ್ಯೆ ಎಲ್ಲಿಂದ ಬರ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಉಂಟು ಮಾರಾಯ್ರೆ, ಬಾಯಿಗೆ ಬಂದದ್ದಲ್ಲ. ಹುಲಿ ಮೀಸಲುಗಳಿಗೆ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಕೋರ್, ಅಂದರೆ ಹುಲಿಗೆಂದೇ ಬಿಟ್ಟ ಒಳಭಾಗದ 20 ಶೇಕಡಾ ಮೀರಿ ಪ್ರವಾಸೋದ್ಯಮ ಬೇಡ ಅಂತ ಹೇಳಿದ್ದು ಅದರಲ್ಲೇ. ಧಾರಣ ಸಾಮರ್ಥ್ಯ, ಅಂದರೆ ಒಂದು ಜಾಗ ಎಷ್ಟು ಜನರನ್ನು ತಾಳ್ತದೆ ಅನ್ನುವ ಲೆಕ್ಕವನ್ನೂ ಅಲ್ಲಿ ಹೆಜ್ಜೆ ಹೆಜ್ಜೆಯಾಗಿ ಕೊಟ್ಟಿದ್ದಾರೆ. ಅದೇ ಲೆಕ್ಕವನ್ನು ಕಾಲುದಾರಿಗೂ ಹಾಕಬಹುದು.

ಉದಾಹರಣೆಗೆ 4 ಕಿ.ಮೀ. ದಾರಿ ಹಿಡಿಯಿರಿ. ಹತ್ತು ಜನಕ್ಕೊಂದು ಗುಂಪು, ಗುಂಪಿಗೂ ಗುಂಪಿಗೂ 200 ಮೀಟರ್ ಅಂತರ. ಒಂದು ಹೊತ್ತಿಗೆ 20 ಗುಂಪು, 200 ಜನ. ಗೇಟು ತೆರೆದಿರುವುದು 8 ಗಂಟೆ, ಒಂದು ಸುತ್ತಿಗೆ 4 ಗಂಟೆ ಬೇಕು, ಅಂದರೆ ದಿನಕ್ಕೆ ಎರಡು ಸುತ್ತು. ಒಟ್ಟು 400. ಇದು ಬರೀ ಜಾಗದ ಲೆಕ್ಕ. ಈಗ ಕಡಿತ ಶುರು. ದಾರಿಯ ಕಾಲು ಭಾಗ ಮಣ್ಣು ಕೊಚ್ಚಿಹೋದ ಇಳಿಜಾರು: 0.75. ಮಳೆ, ಮಂಜಿಗೆ ಹೋಗುವ ಹೊತ್ತು: 0.8. ಹಕ್ಕಿ ಗೂಡಿಗೋ ಪ್ರಾಣಿ ನೀರು ಕುಡಿಯುವ ಜಾಗಕ್ಕೋ: 0.9. ಗುಣಿಸಿದರೆ 216. ಕೊನೆಯದು ಸಿಬ್ಬಂದಿ. ಹತ್ತು ಜನ ಬೇಕಾದಲ್ಲಿ ಆರು ಜನ ಇದ್ದರೆ 0.6. ಉಳಿದದ್ದು 130. ಅಂದರೆ 400 ಅಂತ ಬೋರ್ಡು ಹಾಕಿದ ದಾರಿಗೆ ನಿಜವಾಗಿ ತಾಳುವುದು 130!

ಇದರಲ್ಲಿ ಅಗ್ಗದಲ್ಲಿ ಏರಿಸಬಹುದಾದ ಅಂಕೆ ಒಂದೇ, ಆ ಕೊನೆಯ 0.6. ಬುಡದ ಹಳ್ಳಿಯ ನಾಲ್ಕು ಹುಡುಗರನ್ನು ಗೈಡ್ ಆಗಿ ಇಟ್ಟರೆ 130 ಇದ್ದದ್ದು 216 ಆಗ್ತದೆ. ಕಾಡಿನ ಲೆಕ್ಕ, ಊರಿನ ಲೆಕ್ಕ ಎರಡೂ ಕೂಡುವ ಜಾಗ ಅದು.

ತಪ್ಪುವುದು ಎಲ್ಲಿ? ದಿನದ ಸರಾಸರಿ ಹಿಡಿಯುವುದರಲ್ಲಿ. ಬುಧವಾರ ಯಾರೂ ಇಲ್ಲ, ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಮುಕ್ಕಾಲು ಜನ ಗೇಟಿನಲ್ಲಿ. ಮಿತಿ ಹಾಕುವುದಾದರೆ ಗಂಟೆಯ ಲೆಕ್ಕದಲ್ಲಿ ಹಾಕಬೇಕು. ಇನ್ನು ಕೆಲವು ಕಡೆ ಎಣಿಸುವುದು ಗಾಡಿಯನ್ನು, ತಲೆಯನ್ನಲ್ಲ. ಮಿನಿಬಸ್ಸಿಗೂ ಆಲ್ಟೋಗೂ ಒಂದೇ ಚೀಟಿ ಆದರೆ ಲೆಕ್ಕ ಎಂತ ಉಳೀತದೆ?

ವಾಸ್ಕೋ ಧಾರವಾಡಿ
ಗೋವಾದ್ದು ಸ್ವಲ್ಪ ಹೇಳ್ತೀನಿ ಕೇಳ್ರಿ. 2023ರ ಜುಲೈದಾಗ ನೇತ್ರಾವಳಿಯ ಮೈನಾಪಿ ಜಲಪಾತದಾಗ ಇಬ್ಬರು ಮುಳುಗಿ ಸತ್ತ ಮ್ಯಾಲೆ ಅಭಯಾರಣ್ಯದ ಜಲಪಾತಕ್ಕೆಲ್ಲಾ ಬಂದಿ ಹಾಕಿದ್ರು. ಅದ ತಿಂಗಳದಾಗ ದೂಧ್‌ಸಾಗರದ ಹಳಿ ಮ್ಯಾಲೆ ನಡದ ಹುಡುಗರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡಿಸಿದ ವಿಡಿಯೋ ಎಲ್ಲಾರೂ ನೋಡೀರಿ.

ಕುಳೆಯಿಂದ ಜಲಪಾತದ ಬುಡಕ್ಕ ಹೋಗೋ ಜೀಪಿನ ದಾರಿ ಅರಣ್ಯದೊಳಗಿಂದ ಹೋಗ್ತೈತಿ, ನಡುವ ಹಳ್ಳ ದಾಟಬೇಕು. ಮಳಿಗಾಲದಾಗ ಹಳ್ಳ ತುಂಬ್ತಾವ, ಜೀಪು ಬಂದ್. ಅಕ್ಟೋಬರ್ ಸುಮಾರಿಗೆ ಶುರು ಆದ್ರ ಬ್ಯಾಸಗಿ ತನಕ. ಕುಳೆ, ಮೊಲ್ಲೆಂ ಕಡೆ ಭಾಳ ಮನಿ ನಡಿಯೋದು ಆ ಜೀಪಿನ ಮ್ಯಾಲೆ. ಜೀಪಿಗೆ ದಿನದ ಮಿತಿ ಐತಿ, ಪಾಳಿ ಐತಿ. ಪಾಳಿ ಅಂದ್ರ ಯಾರ ಜೀಪು ಮೊದಲ ಹೋಗಬೇಕು ಅನ್ನೋ ಸರದಿ. ಇದು ಕಾಡಿಗೂ ಚಲೋ: ಗಿರಾಕಿ ಹಿಡಿಯಾಕ ಓಡಾಟ ಇಲ್ಲ, ಒಬ್ಬರನ್ನೊಬ್ಬರು ಹಿಂದ ಹಾಕೋ ಸ್ಪರ್ಧೆ ಇಲ್ಲ. ಬುಕಿಂಗ್ ಕೌಂಟರ್ ಯಾರ ಕೈಯಾಗ ಇರಬೇಕು ಅನ್ನೋ ಜಗಳ ಬಂದಾಗ ಮೊದಲ ಕೇಳಬೇಕಾದ್ದು, ಆ ಸರದಿ ಉಳೀತದೋ ಇಲ್ಲೋ ಅಂತ. ಆನ್‌ಲೈನ್ ಮಾಡ್ರಿ, ಬ್ಯಾಡ ಅನ್ನಂಗಿಲ್ಲ; ಆದ್ರ ಗಿರಾಕಿ ತನಗ ಬೇಕಾದ ಜೀಪು ಆರಿಸೋ ಹಂಗ ಮಾಡಿದ್ರ ದೊಡ್ಡವರು ನಾಲ್ಕು ಜೀಪು ಇಟ್ಕೊಂಡು ಎಲ್ಲಾ ಬಳ್ಕೊಂಡು ಹೋಗ್ತಾರ.

ಎರಡನೇದು ಹುಲಿ. 2020ರ ಜನವರಿದಾಗ ಸತ್ತರಿ ತಾಲೂಕಿನ ಗೋಳಾವಳಿ ಹತ್ರ ಒಂದು ತಾಯಿ ಹುಲಿ, ಮೂರು ಮರಿ ವಿಷಕ್ಕ ಬಲಿ ಆದ್ವು. 2023ರ ಜುಲೈ 24ಕ್ಕ ಗೋವಾದ ಹೈಕೋರ್ಟ್ ಪೀಠ ಮೂರು ತಿಂಗಳದಾಗ ಹುಲಿ ಮೀಸಲು ಘೋಷಿಸ್ರಿ ಅಂತು. ಮಹಾದಾಯಿ, ಭಗವಾನ್ ಮಹಾವೀರ, ಮೊಲ್ಲೆಂ, ನೇತ್ರಾವಳಿ, ಕೋಟಿಗಾವ್ ಕೂಡಿಸಿದ್ರ ಸುಮಾರು 745 ಚ.ಕಿ.ಮೀ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋತು. ಕಾರಣ ಕೊಟ್ಟದ್ದು ಜನ ಒಕ್ಕಲೆಬ್ಬಿಸಬೇಕಾಗ್ತದ ಅಂತ. ಆದ್ರ ಕಾಯ್ದೆದಾಗ ಬಫರ್ ಅನ್ನೋದು ಇರೋದ ಜನ ಇರ್ಲಿ, ಗೇರು-ಅಡಕಿ ಬೆಳೀಲಿ ಅಂತ. ಯಾವ ಹಳ್ಳಿ ಕೋರ್, ಯಾವುದು ಬಫರ್ ಅನ್ನೋ ನಕಾಶೆ ಊರಾಗ ಹಾಸಿ ತೋರಿಸದ ಇದ್ರ ಜನ ಅಂಜೇ ಅಂಜ್ತಾರ. ವಿಷ ಹಾಕೋ ಕೈ ಹುಟ್ಟೋದು ಅಲ್ಲೆ. ಸತ್ತ ದನಕ್ಕ ಪರಿಹಾರ ಬರೋದು ತಡ ಆದಷ್ಟೂ ಆ ಕೈ ಮುಂದ ಬರ್ತದ.

ಡೊಂಬಿವಲಿ ಲೋಕಲ್
ಮಹಾದಾಯಿ ಅಂದ್ರಲ್ಲ, ಹುಲಿ ಮೀಸಲಾದರೆ ಕಳಸಾ-ಬಂಡೂರಿ ಕಥೆ ಏನು?

ನಿರ್ವಾಹಕ
ನೀರಿನ ಜಗಳಕ್ಕೆ ಬೇರೆ ಎಳೆ ಇದೆ, 400 ಉತ್ತರ ದಾಟಿದೆ. ದಯವಿಟ್ಟು ಅಲ್ಲಿ.

ಪುಣೆ ಚಾರಣಿಗ
ವಕೀಲರೇ, ದುಡ್ಡಿನ ಪ್ರಶ್ನೆ ಬಾಕಿ ಇದೆ. ಗೇಟಲ್ಲಿ ಕೊಟ್ಟ ನೂರು ರೂಪಾಯಿ ಎಲ್ಲಿಗೆ ಹೋಗುತ್ತೆ?

ವಾಕಡ್ ವಕೀಲ
ರಸೀದಿ ನೋಡಿ ಸಾರ್, ಯಾರ ಹೆಸರಲ್ಲಿ ಹರಿದಿದ್ದಾರೆ ಅನ್ನೋದರಲ್ಲೇ ಉತ್ತರ ಇದೆ.

ಸರ್ಕಾರದ ರಸೀದಿ ಆದರೆ ಖಜಾನೆಗೆ. ಅಲ್ಲಿಂದ ಆ ಹಳ್ಳಿಗೆ ಮರಳೋಕೆ ಬಜೆಟ್ ದಾರಿ ಬಿಟ್ಟು ಬೇರೆ ದಾರಿ ಇಲ್ಲ. ಹುಲಿ ಮೀಸಲು ಆದರೆ ವನ್ಯಜೀವಿ ಕಾಯ್ದೆಯ 38ಎಕ್ಸ್ ಪ್ರಕಾರ ಅದಕ್ಕೇ ಒಂದು ಪ್ರತಿಷ್ಠಾನ ಇರುತ್ತೆ, ಪ್ರವಾಸಿ ಶುಲ್ಕ ಅದರಲ್ಲೇ ಉಳಿದು ಅಲ್ಲೇ ಖರ್ಚಾಗಬಹುದು. ಗೋವಾದವರು ಈ ಕಲಮನ್ನ ಓದಬೇಕು. ಮೀಸಲು ಬೇಡ ಅನ್ನೋ ಗಲಾಟೆಯಲ್ಲಿ ಇದರ ಮಾತೇ ಬರ್ತಿಲ್ಲ.

ಮೂರನೇದು ಜಂಟಿ ಅರಣ್ಯ ನಿರ್ವಹಣಾ ಸಮಿತಿ. ಕಾಸ್, ಸಿಂಹಗಡ ಎರಡೂ ಕಡೆ ಈ ಮಾದರಿ. ಬೇರು ಇರೋದು 1988ರ ರಾಷ್ಟ್ರೀಯ ಅರಣ್ಯ ನೀತಿಯಲ್ಲಿ. ದೇಶದ ಮೂರನೇ ಒಂದು ಭಾಗ, ಗುಡ್ಡಗಾಡಿನಲ್ಲಿ ಮೂರನೇ ಎರಡು ಭಾಗ ಹಸಿರಿರಲಿ ಅಂದದ್ದು, ಕಾಡಿನ ಪಕ್ಕದ ಜನರ ಅಗತ್ಯಕ್ಕೆ ಮೊದಲ ಮಣೆ ಅಂದದ್ದು ಆ ನೀತಿಯೇ. ಅದರ ಬೆನ್ನಿಗೆ 1990ರ ಜೂನ್ 1ರ ಸುತ್ತೋಲೆ ಬಂತು, ಸಮಿತಿಗಳು ಹುಟ್ಟಿದವು. ಖಾತೆಗೆ ಸಾಮಾನ್ಯವಾಗಿ ಜಂಟಿ ಸಹಿ: ಊರಿನ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ. ದೋಷ ಏನೆಂದರೆ ಸಮಿತಿಯ ಕೆಳಗೆ ಕಾನೂನಿನ ನೆಲಗಟ್ಟಿಲ್ಲ, ಬರೀ ಸರ್ಕಾರಿ ನಿರ್ಣಯ. ಇಲಾಖೆ ಮನಸ್ಸು ಮಾಡಿದರೆ ವಿಸರ್ಜನೆ. ಕಾರ್ಯದರ್ಶಿ ವರ್ಗ ಆದರೆ ಹೊಸಬರ ಸಹಿ ಬ್ಯಾಂಕಿಗೆ ಸೇರೋವರೆಗೆ ಗೈಡ್‌ಗಳ ಕೂಲಿ ನಿಂತುಹೋಗುತ್ತೆ.

ನಾಲ್ಕನೇದು ಗಟ್ಟಿ, ಆದರೆ ಉದ್ದ. 2006ರ ಅರಣ್ಯ ಹಕ್ಕು ಕಾಯ್ದೆ. ಗಡಚಿರೋಲಿಯ ಮೇಂಢಾ-ಲೇಖಾ 2009ರಲ್ಲಿ ತನ್ನ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಪಡೆದು, 2011ರಲ್ಲಿ ತನ್ನ ಬಿದಿರಿಗೆ ತಾನೇ ಸಾಗಣೆ ಪಾಸ್ ಕೊಡೋ ಅಧಿಕಾರ ಪಡೀತು. ಹಂತ ಹೀಗೆ: ಗ್ರಾಮಸಭೆ ಕರೆದು 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ. ಸಭೆಗೆ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ‘ಸಿ’ ನಮೂನೆ ಅರ್ಜಿ, ಗಡಿ ನಡೆದು ಮಾಡಿದ ನಕ್ಷೆ, ಕನಿಷ್ಠ ಎರಡು ಸಾಕ್ಷ್ಯ. ಆಮೇಲೆ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ಹೆಚ್ಚಿನ ಅರ್ಜಿ ಎಡವೋದು ಎರಡು ಕಡೆ: ಹಾಜರಿ ಪುಸ್ತಕದಲ್ಲಿ ಹೆಂಗಸರ ಸಹಿ ಕಮ್ಮಿ, ಮತ್ತು ಪಕ್ಕದ ಊರಿನ ಗಡಿಯೊಂದಿಗೆ ನಕ್ಷೆ ಮೇಲೆ ಮೇಲೆ ಬೀಳೋದು.

ಒಂದು ಎಚ್ಚರಿಕೆ. ಕಲಂ 3(2)ರಲ್ಲಿ ಶಾಲೆ, ಅಂಗನವಾಡಿ, ಕುಡಿಯೋ ನೀರು, ರಸ್ತೆ ಹೀಗೆ 13 ಸೌಲಭ್ಯಗಳಿಗೆ ಒಂದು ಹೆಕ್ಟೇರ್ ಒಳಗೆ ಅರಣ್ಯ ಜಾಗ ಸಿಗುತ್ತೆ. ಹೋಂಸ್ಟೇ ಆ ಪಟ್ಟಿಯಲ್ಲಿಲ್ಲ. ಹೋಂಸ್ಟೇ ಸ್ವಂತ ಮನೆಯಲ್ಲೇ ಆಗಬೇಕು.

ಹೂವಿನಕ್ಕ
ಹೋಂಸ್ಟೇ ಮಾತು ಬಂತಲ್ಲ, ಮಿಂಚುಹುಳದ ಸೀಸನ್ ಅದಕ್ಕೆ ಒಳ್ಳೆ ಪರೀಕ್ಷೆ. ಮೇ ಕೊನೆಯಿಂದ ಮಳೆ ಜೋರಾಗೋವರೆಗೆ ಭಂಡಾರದರಾ, ಪುರುಷವಾಡಿ ಕಡೆ ಅಳಲೆ, ತಾರೆ, ನೇರಳೆ ಮರಗಳು ಒಟ್ಟಿಗೆ ಹತ್ತಿ ಆರುತ್ತವೆ. ಮಿನುಗು ಅಂದರೆ ಜೋಡಿಯನ್ನ ಕರೆಯೋ ಮಾತು. ಕಾರಿನ ಹೆಡ್‌ಲೈಟ್ ಬಿದ್ದರೆ ಆ ಮಾತು ಕೇಳಿಸೋದಿಲ್ಲ, ಜೋಡಿ ಸೇರದೆ ರಾತ್ರಿ ಹೋಗುತ್ತೆ. ಬಲಿತ ಹುಳ ಬದುಕೋದೇ ಕೆಲವು ವಾರ. ಅದರ ಮರಿ ಬೆಳೆಯೋದು ಒದ್ದೆ ನೆಲದಲ್ಲಿ, ಬಸವನಹುಳು ತಿಂದುಕೊಂಡು. ಅಲ್ಲೇ ಸಾಲಾಗಿ ಟೆಂಟ್ ಹೊಡೆದರೆ ಮುಂದಿನ ವರ್ಷದ ಬೆಳಕಿನ ಮೇಲೆ ಮಲಗಿದ ಹಾಗೆ. ಊರೊಳಗೆ ಮನೆಯಲ್ಲಿ ಇಳಿದು, ಗಾಡಿ ಊರ ಹೊರಗೆ ಬಿಟ್ಟು, ಟಾರ್ಚಿಗೆ ಕೆಂಪು ಹಾಳೆ ಸುತ್ತಿ ನಡೆದು ಹೋದರೆ ಹಾನಿ ಎಷ್ಟೋ ಕಡಿಮೆ, ದುಡ್ಡೂ ಊರಲ್ಲೇ.

ಡೊಂಬಿವಲಿ ಲೋಕಲ್
ಊರಿನವರ ಕೈಗೆ ಕೊಟ್ಟರೆ ಎಲ್ಲ ಸರಿ ಅನ್ನೋದೂ ಅತಿ ಆಯ್ತು. ಹತ್ತು ಹೆಜ್ಜೆಗೊಂದು ಮ್ಯಾಗಿ ಪಾಯಿಂಟ್, ಸುತ್ತ ಪ್ಲಾಸ್ಟಿಕ್. ಅದನ್ನೂ ಹೇಳಿ.

ಬೋರಿವಲಿ ಭಟ್ರು
ಲೋಕಲ್ ಸಾಹೇಬ್ರು ಹೇಳಿದ್ದರಲ್ಲಿ ಹುರುಳು ಉಂಟು. ಕಸದ ಸರಪಳಿ ಬೋರಿವಲಿಯಲ್ಲಿ ಸ್ಪಷ್ಟ ಕಾಣ್ತದೆ. ಅಂಗಡಿಯ ಎಂಜಲಿಗೆ ನಾಯಿ, ನಾಯಿಗೆ ಚಿರತೆ. ಸಂಜಯ್ ಗಾಂಧಿ ಉದ್ಯಾನ ಸುಮಾರು 104 ಚ.ಕಿ.ಮೀ., ಸುತ್ತ ಮೂರು ಕಡೆ ಊರು. ಅಂಚಿನ ಚಿರತೆಯ ಊಟದಲ್ಲಿ ಬೀದಿನಾಯಿಗೆ ದೊಡ್ಡ ಪಾಲು. ಚಿರತೆ ಹಿಡಿದು ಬೇರೆ ಕಡೆ ಬಿಟ್ಟರೆ ಆಯ್ತು ಅನ್ನುವವರು ಪುಣೆ ಜಿಲ್ಲೆಯ ಜುನ್ನರದ ಪಾಠ ನೋಡಲಿ. 2001ರ ನಂತರ ಅಲ್ಲಿ ಹಿಡಿದು ಹಿಡಿದು ಕಾಡಿಗೆ ಬಿಟ್ಟರು, ಮನುಷ್ಯರ ಮೇಲಿನ ದಾಳಿ ಕಮ್ಮಿ ಆಗ್ಲಿಲ್ಲ, ಏರಿತು. ಕಸ ಎತ್ತುವುದು ಬೋನಿಗಿಂತ ಅಗ್ಗ.

ಪ್ಲಾಸ್ಟಿಕ್ಕಿಗೆ ಠೇವಣಿ ಪದ್ಧತಿ ಕೆಲಸ ಮಾಡ್ತದೆ, ಸರಿಯಾಗಿ ಮಾಡಿದರೆ. ಗೇಟಿನಲ್ಲಿ ಬಾಟಲಿ, ಪೊಟ್ಟಣ ಎಣಿಸಿ ಗುರುತು ಹಾಕುವುದು, 50 ರೂಪಾಯಿ ಹಿಡಿದಿಟ್ಟುಕೊಳ್ಳುವುದು, ಇಳಿದ ಮೇಲೆ ತೋರಿಸಿ ವಾಪಸ್ ಪಡೆಯುವುದು. ಕೆಡುವುದು ಮೂರು ಕಾರಣಕ್ಕೆ. ಕಾಗದದ ಸ್ಟಿಕ್ಕರ್ ಮಳೆಗೆ ಕಿತ್ತು ಬರ್ತದೆ, ಅದಕ್ಕೆ ಮಾಸದ ಮಾರ್ಕರಿನಲ್ಲಿ ನಂಬರ್ ಬರೆಯಬೇಕು. ಹತ್ತುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು ಆದರೆ ಠೇವಣಿ ಸಿಗುವುದಿಲ್ಲ, ಆಗ ಜನ ಬಾಟಲಿ ಪೊದೆಗೆ ಎಸೀತಾರೆ. ಸಂಜೆ ಎಲ್ಲರೂ ಒಟ್ಟಿಗೆ ಇಳಿಯುವಾಗ ಒಂದೇ ಕೌಂಟರ್ ಇದ್ದರೆ ಸಾಲು ನೋಡಿಯೇ 50 ರೂಪಾಯಿ ಬಿಟ್ಟು ಹೋಗ್ತಾರೆ.

ದಾರಿ ರಿಪೇರಿಗೂ ದುಡ್ಡು ಮೀಸಲಿಡಬೇಕು. ಇಳಿಜಾರಿನಲ್ಲಿ ದಾರಿಗೆ ಓರೆಯಾಗಿ ಕಲ್ಲಿನ ಅಡ್ಡಗಟ್ಟೆ ಇಟ್ಟು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ನೇರ ಅಡ್ಡ ಇಟ್ಟರೆ ನೀರು ನಿಂತು, ಮೇಲಿಂದ ಹಾರಿ, ಕೆಳಗೆ ಗುಂಡಿ ತೋಡ್ತದೆ. ಕಲ್ಲಿನ ಮೂರನೇ ಎರಡು ಭಾಗ ನೆಲದೊಳಗೆ ಇರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಉರುಳ್ತದೆ. ಮೇ ತಿಂಗಳಲ್ಲಿ ಹತ್ತು ಜನ ಊರಿನವರಿಗೆ ಇದು ಹದಿನೈದು ದಿನದ ಕೆಲಸ. ಸಿಮೆಂಟ್ ಮೆಟ್ಟಿಲು ಹಾಕುವ ಗುತ್ತಿಗೆಯಲ್ಲಿ ಅವರಿಗೆ ಕೂಲಿಯೂ ಇಲ್ಲ, ನೀರಿಗೆ ದಾರಿಯೂ ಇಲ್ಲ.

ಪುಣೆ ಚಾರಣಿಗ
ಮ್ಯಾಗಿ ಅಂಗಡಿಗೆ ಬಯ್ಯೋ ಮುಂಚೆ ಚಾರಣ ಕಂಪನಿಗಳ ಲೆಕ್ಕವನ್ನೂ ನೋಡಬೇಕು. ಒಬ್ಬರಿಗೆ 1,200 ರೂಪಾಯಿ ಅಂತ ಹಿಡಿಯಿರಿ. ಬಸ್ಸು, ಆಯೋಜಕರು, ಜಾಹೀರಾತು ಕಳೆದು ಹಳ್ಳಿಗೆ ತಲುಪೋದು ಪೋಹೆ-ಚಹಾ, ಮಧ್ಯಾಹ್ನದ ಪಿಠಲಾ-ಭಾಕ್ರಿಗೆ ಕೊಟ್ಟದ್ದು ಮಾತ್ರ. ಸ್ಥಳೀಯ ಗೈಡ್ ಕಡ್ಡಾಯ ಅಂದರೆ ಮಾತ್ರ ಇನ್ನೊಂದು ಪಾಲು ಅಲ್ಲಿ ಉಳಿಯುತ್ತೆ. ನಮ್ಮ ಕರ್ನಾಟಕದಲ್ಲಿ 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿದರಲ್ಲ, ಅದರಲ್ಲಿ ಎಣಿಕೆ ಸರಿಹೋಯ್ತು. ಪಾಲಿನ ಪ್ರಶ್ನೆ ಹಾಗೇ ಇದೆ.

ವಾಸ್ಕೋ ಧಾರವಾಡಿ
ಮತ್ತ ಪಶ್ಚಿಮ ಘಟ್ಟಕ್ಕ ಈ ಪರಿಸರ ಸೂಕ್ಷ್ಮ ಪ್ರದೇಶದ ನಿಯಮ ಬಂದ್ರ ಹೋಂಸ್ಟೇನೂ ಬಂದ್ ಅಂತಾರಲ್ಲ, ಖರೇನ?

ವಾಕಡ್ ವಕೀಲ
ಅಲ್ಲ. 2024ರ ಜುಲೈ 31ರ ಕರಡು, ಅದು ಆರನೇ ಕರಡು, 56 ಸಾವಿರ ಚ.ಕಿ.ಮೀ.ಗಿಂತ ಹೆಚ್ಚು, ಗೋವಾದ್ದು 1,461, ಮಹಾರಾಷ್ಟ್ರದ್ದು 17,340, ಕರ್ನಾಟಕದ್ದು 20,668. ತಡೆ ಇರೋದು ಗಣಿ, ಕಲ್ಲುಕ್ವಾರಿ, ಮರಳು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯದ) ಕೈಗಾರಿಕೆ ಮತ್ತು 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಗಳಿಗೆ. ನಾಲ್ಕು ಕೋಣೆಯ ಮನೆಗೂ ಅದಕ್ಕೂ ಸಂಬಂಧವಿಲ್ಲ. ಭಯ ಹುಟ್ಟಿಸೋರು ಯಾರು ಅಂತ ತಿಳಿಯಬೇಕಾದರೆ ಆ ಪಟ್ಟಿಯನ್ನ ಇನ್ನೊಮ್ಮೆ ಓದಿ.

ಪುಣೆ ಚಾರಣಿಗ
ಸರಿ, ಈಗ ಕೆಲಸಕ್ಕೆ ಬರೋಣ. ನಮ್ಮ ಗುಂಪು ಹೋಗೋ ದಾರಿಗಳ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳೋದು ಅಂತಿದ್ದೀವಿ. ಮಿತಿ ಯಾಕೆ ಇಷ್ಟು, ಸಮಿತಿ ಖಾತೆ ಯಾಕೆ ಆಡಿಟ್ ಆಗಿಲ್ಲ, ಕಳೆದ ಮಳೆಗಾಲ ಎಷ್ಟು ದಿನ ಯಾಕೆ ಮುಚ್ಚಿದ್ರಿ. ಮೂರನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಆಗುತ್ತಾ?

ವಾಕಡ್ ವಕೀಲ
ಆಗಲ್ಲ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ’ ಅನ್ನೋ ಪದವನ್ನೇ ತೆಗೀರಿ. ಕಾರಣ ಕೊಡೋದು ಅವರ ಕೆಲಸ ಅಲ್ಲ ಅಂತ ವಾಪಸ್ ಕಳಿಸ್ತಾರೆ. ದಾಖಲೆಯ ಹೆಸರು ಹಿಡಿದು ಕೇಳಿ: ಧಾರಣ ಸಾಮರ್ಥ್ಯ ಲೆಕ್ಕ ಹಾಕಿದ ಹಾಳೆಯ ಪ್ರತಿ, ಸಮಿತಿ ಖಾತೆಯ ಮೂರು ವರ್ಷದ ಆಡಿಟ್ ವರದಿಯ ಪ್ರತಿ, ಮುಚ್ಚಿದ ಆದೇಶಗಳ ಪ್ರತಿ. ಮೊದಲೆರಡು ಉಪವನಸಂರಕ್ಷಣಾಧಿಕಾರಿ ಕಚೇರಿಗೆ, ಮೂರನೇದು ಜಿಲ್ಲಾಧಿಕಾರಿ ಕಚೇರಿಗೆ. ಅರ್ಜಿಗೆ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ.

ಬೋರಿವಲಿ ಭಟ್ರು
ಮೊದಲನೆಯದಕ್ಕೆ ‘ಅಂಥ ದಾಖಲೆ ಲಭ್ಯವಿಲ್ಲ’ ಅಂತ ಬಂದರೂ ಹಾಕಿ ಇಲ್ಲಿ. ಅದೂ ಉತ್ತರವೇ.

ಪುಣೆ ಚಾರಣಿಗ
ಒಟ್ಟು ಮೂವತ್ತು ರೂಪಾಯಿ. ಸೋಮವಾರ ಹಾಕ್ತೀವಿ, ಉತ್ತರ ಬಂದ ಹಾಗೆ ಇದೇ ಎಳೆಯಲ್ಲಿ ಸ್ಕ್ಯಾನ್ ಮಾಡಿ ಏರಿಸ್ತೀನಿ.